ಮರ ಉರುಳುವ ಮೊದಲು, ಉರುಳಿದ ಮೇಲೆ

ನವರಾತ್ರಿ ಕಳೆದು ಮಳೆ ಹಿಂದೆಗೆದರೆ ಸಾಕು, ಮಲೆನಾಡಿನ ಗುಡ್ಡಗಳ ನಡುವಿನಿಂದ ಚೈನ್‌ಸಾ ಸದ್ದು ಏಳತೊಡಗುತ್ತದೆ. ದಾರ ಎಳೆದಾಗ ಒಂದೆರಡು ಸಲ ಗೊರಗೊರ ಎಂದು ಸುಮ್ಮನಾಗಿ, ಮೂರನೆಯ ಎಳೆತಕ್ಕೆ ಹತ್ತಿಕೊಂಡು, ಆಮೇಲೆ ಕಣಿವೆಯ ಆಚೆ ಬದಿಯವರೆಗೂ ಕೇಳುವ ಸದ್ದು. ‘ಯಾರದೋ ತೋಟಕ್ಕೆ ಮಿಷನ್ ಬಂತು’ ಎಂದು ಊರಿನವರು ಹೇಳಿಕೊಳ್ಳುತ್ತಾರೆ. ಗಾಳಿಗೆ ಬಿದ್ದ ಹಲಸು, ಸೊರಗಿದ ಸಿಲ್ವರ್ ಓಕ್, ಮನೆಯ ಮಾಡಿನ ಕಡೆಗೆ ವಾಲಿದ ಮಾವು, ಹೊಸ ಮನೆಯ ದಾರಂದಕ್ಕೆಂದು ಕಾಯ್ದಿಟ್ಟ ಸಾಗುವಾನಿ, ಹೀಗೆ ಮಳೆಗಾಲವಿಡೀ ತಡೆದಿಟ್ಟ ಕೆಲಸವೆಲ್ಲ ಒಟ್ಟಿಗೆ ಹೊರಡುತ್ತದೆ.

ಹಿಂದೆ ಇದೇ ಕೆಲಸಕ್ಕೆ ಕೊಡಲಿ ಮತ್ತು ಇಬ್ಬರು ಎಳೆಯುವ ಗರಗಸ ಇದ್ದವು. ದಿಮ್ಮಿಯನ್ನು ಹಲಗೆ ಮಾಡಲು ನೆಲದಲ್ಲಿ ಕುಳಿ ತೋಡಿ, ದಿಮ್ಮಿಯನ್ನು ಅದರ ಮೇಲೆ ಹಾಯಿಸಿ, ಒಬ್ಬ ಮೇಲೆ ನಿಂತು ಇನ್ನೊಬ್ಬ ಕುಳಿಯೊಳಗೆ ನಿಂತು ಕೊಯ್ಯುತ್ತಿದ್ದರು. ಕೆಳಗಿನವನ ಮುಖದ ಮೇಲೆ ದಿನವಿಡೀ ಹೊಟ್ಟು ಸುರಿಯುತ್ತಿತ್ತು. ದಿನಗಟ್ಟಲೆ ಹಿಡಿಯುತ್ತಿದ್ದ ಆ ದುಡಿಮೆ ಈಗ ಕೆಲವು ಗಂಟೆಗಳದು. ಇದರಿಂದ ಒಂದು ತಪ್ಪು ಎಣಿಕೆಯೂ ಹುಟ್ಟಿದೆ. ಮಿಷನ್ ಕೊಂಡವನಿಗೆ ಮರದ ಕೆಲಸ ಬಂದಂತೆಯೇ ಎಂದು ಜನ ತಿಳಿಯುತ್ತಾರೆ. ಆದರೆ ಮಿಷನ್ ಕಡಿಮೆ ಮಾಡಿದ್ದು ಕೊಯ್ಯುವ ಹೊತ್ತನ್ನು ಮಾತ್ರ. ಕೊಯ್ಯುವ ಮೊದಲು ಮರವನ್ನು ನೋಡುವುದು, ಹಲ್ಲು ಅರೆಯುವುದು, ಉರುಳಿದ ಮೇಲೆ ಅಳೆಯುವುದು, ಒಣಗಿಸುವುದು, ಇವೆಲ್ಲ ಅಜ್ಜನ ಕಾಲದಲ್ಲಿ ಎಷ್ಟು ತಾಳ್ಮೆ ಬೇಡುತ್ತಿದ್ದವೋ ಇಂದಿಗೂ ಅಷ್ಟೇ ಬೇಡುತ್ತವೆ. ನಷ್ಟವಾಗುವುದೂ ಜೀವ ಹೋಗುವುದೂ ಹೆಚ್ಚಾಗಿ ಈ ಹೊತ್ತನ್ನು ಉಳಿಸಲು ಹೋದಲ್ಲಿ.

ಪಳಗಿದ ಕೆಲಸಗಾರ ಮರದ ಬುಡಕ್ಕೆ ಬಂದ ಕೂಡಲೇ ದಾರ ಎಳೆಯುವುದಿಲ್ಲ. ಮಿಷನ್ ಕೆಳಗಿಟ್ಟು, ಕತ್ತೆತ್ತಿ, ಮರಕ್ಕೆ ಒಂದು ಸುತ್ತು ಬರುತ್ತಾನೆ. ಕಾಂಡ ಯಾವ ಕಡೆಗೆ ವಾಲಿದೆ ಎನ್ನುವುದಕ್ಕಿಂತ ಕೊಂಬೆಗಳ ಭಾರ ಯಾವ ಕಡೆಗಿದೆ ಎನ್ನುವುದು ಮುಖ್ಯ. ಬಿಸಿಲು ಹುಡುಕಿಕೊಂಡು ಒಂದೇ ಬದಿಗೆ ಚಾಚಿದ ಮರ ನೆಟ್ಟಗೆ ನಿಂತಂತೆ ಕಂಡರೂ ಆ ಬದಿಗೇ ಬೀಳುತ್ತದೆ. ಮೇಲೆ ಒಣಕೊಂಬೆ ತೂಗುತ್ತಿದೆಯೇ, ಬಳ್ಳಿಗಳು ಈ ಮರವನ್ನು ಪಕ್ಕದ ಮರಕ್ಕೆ ಬಿಗಿದಿವೆಯೇ, ಕೊಂಬೆಯಲ್ಲಿ ಹೆಜ್ಜೇನೋ ಪೊಟರೆಯಲ್ಲಿ ಕಣಜವೋ ಇದೆಯೇ, ಎಲ್ಲವನ್ನೂ ನೋಡಬೇಕು. ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ಬಡಿದರೆ ಗಟ್ಟಿ ಮರ ಗಡುಸಾಗಿ ಸದ್ದು ಕೊಡುತ್ತದೆ, ಒಳಗೆ ಕೊಳೆತದ್ದು ಪೊಳ್ಳಾಗಿ ಕೇಳುತ್ತದೆ. ಪೊಳ್ಳು ಮರಕ್ಕೆ ಮುಂದಿನ ಲೆಕ್ಕ ಯಾವುದೂ ಹೊಂದುವುದಿಲ್ಲ. ಅದನ್ನು ಹಗ್ಗ ಕಟ್ಟಿ, ತುದಿಯಿಂದ ತುಂಡು ತುಂಡಾಗಿ ಇಳಿಸುವವರಿಗೇ ಬಿಡಬೇಕು.

ಆ ಲೆಕ್ಕ ಹೀಗಿದೆ. ಮರ ಯಾವ ಕಡೆ ಬೀಳಬೇಕೋ ಆ ಕಡೆಗೆ ಮೊದಲು ಬಾಯಿ ತೆಗೆಯಬೇಕು. ಅದರ ಆಳ ಕಾಂಡದ ಅಡ್ಡಳತೆಯ ಐದರಲ್ಲೊಂದರಿಂದ ನಾಲ್ಕರಲ್ಲೊಂದು ಭಾಗ. ಆಮೇಲೆ ಹಿಂದಿನಿಂದ, ಬಾಯಿಯ ತಳಕ್ಕಿಂತ ತುಸು ಮೇಲೆ, ಅಡ್ಡಲಾಗಿ ಕೊಯ್ಯುತ್ತ ಬರಬೇಕು. ಪೂರ್ತಿ ಕೊಯ್ಯಬಾರದು. ನಡುವೆ ಅಡ್ಡಳತೆಯ ಹತ್ತರಲ್ಲೊಂದರಷ್ಟು ಮರವನ್ನು ಒಂದೇ ದಪ್ಪದ ಪಟ್ಟಿಯಾಗಿ ಉಳಿಸಬೇಕು. ಎರಡಡಿ ಅಡ್ಡಳತೆಯ ಮರಕ್ಕೆ ಅದು ಎರಡೂವರೆ ಅಂಗುಲದಷ್ಟಾಗುತ್ತದೆ. ಬಾಗಿಲನ್ನು ತಿರುಗಣಿ ಹಿಡಿದಂತೆ ಈ ಪಟ್ಟಿ ಮರವನ್ನು ಹಿಡಿದುಕೊಂಡು, ಬಾಯಿ ಇರುವ ಕಡೆಗೇ ಬಗ್ಗಿಸುತ್ತದೆ. ಅವಸರದಲ್ಲಿ ಅದನ್ನೂ ಕೊಯ್ದುಬಿಟ್ಟರೆ ಮರ ಯಾರ ಹಿಡಿತದಲ್ಲೂ ಇರುವುದಿಲ್ಲ, ಬುಡದಲ್ಲೇ ತಿರುಗಿ ಮನಬಂದ ಕಡೆ ಬೀಳುತ್ತದೆ. ಹಿಂದಿನ ಕೊಯ್ತದಲ್ಲಿ ಒಂದೆರಡು ಆಪು ಹೊಡೆದುಕೊಂಡರೆ ಮರ ಹಿಂದಕ್ಕೆ ಕೂರುವುದಿಲ್ಲ, ಗರಗಸವೂ ಕಚ್ಚಿಕೊಳ್ಳುವುದಿಲ್ಲ.

ಇದಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ. ಓಡುವ ದಾರಿಯನ್ನು ಸವರಿಟ್ಟುಕೊಳ್ಳಬೇಕು. ಬೀಳುವ ದಿಕ್ಕಿಗೆ ಮುಖ ಮಾಡಿ ನಿಂತರೆ ಎಡಕ್ಕೊಂದು ಬಲಕ್ಕೊಂದು, ಓರೆಯಾಗಿ ಹಿಂದಕ್ಕೆ ಹೋಗುವ ಎರಡು ದಾರಿ. ನೇರ ಹಿಂದೆ ಎಂದೂ ನಿಲ್ಲಬಾರದು, ಉರುಳುವ ಮರದ ಬುಡ ಕೆಲವೊಮ್ಮೆ ಹಿಂದಕ್ಕೆ ಒದೆಯುತ್ತದೆ. ಇಳಿಜಾರಿನಲ್ಲಿ ದಿಮ್ಮಿ ತುಂಡು ಮಾಡುವಾಗ ಮೇಲ್ಬದಿಯಲ್ಲೇ ನಿಲ್ಲಬೇಕು. ಲಂಟಾನವನ್ನೂ ಕುರುಚಲನ್ನೂ ಕತ್ತಿಯಲ್ಲಿ ಸವರಲು ಹಿಡಿಯುವ ಕಾಲು ಗಂಟೆಯನ್ನು ‘ಸುಮ್ಮನೆ ಹೋದ ಹೊತ್ತು’ ಎಂದು ಎಣಿಸುವ ಯಜಮಾನರಿದ್ದಾರೆ. ಮರ ಕಡಿಯುವ ಕೆಲಸದಲ್ಲಿ ಅದಕ್ಕಿಂತ ಬೆಲೆಯುಳ್ಳ ಕಾಲು ಗಂಟೆ ಇನ್ನೊಂದಿಲ್ಲ.

ನಿಂತ ಮರಕ್ಕಿಂತ ಗಾಳಿಗೆ ಬಿದ್ದ ಮರ ಹೆಚ್ಚು ಅಪಾಯದ್ದು. ಬೇರು ಸಮೇತ ಕಿತ್ತು ಬಿದ್ದ ಮರದ ಕಾಂಡವನ್ನು ಕೊಯ್ದ ಕ್ಷಣ, ಮಣ್ಣು ಹೊತ್ತು ನಿಂತಿದ್ದ ಬೇರಿನ ಗೋಡೆ ಧಡಾರನೆ ಮೊದಲಿನ ಜಾಗಕ್ಕೆ ಮರಳಿ ಕೂತುಬಿಡಬಹುದು. ಆ ಗುಂಡಿಯಲ್ಲಿ ಯಾರೂ ಇರಕೂಡದು. ಎರಡು ಕಡೆ ಆನಿಕೊಂಡು ನಡುವೆ ತೂಗುವ ದಿಮ್ಮಿಯ ಮೇಲ್ಬದಿ ಒತ್ತಿಕೊಂಡಿರುತ್ತದೆ, ಕೆಳಬದಿ ಎಳೆದುಕೊಂಡಿರುತ್ತದೆ. ಬರೀ ಮೇಲಿನಿಂದ ಕೊಯ್ದರೆ ಗರಗಸ ಸಿಕ್ಕಿಬೀಳುತ್ತದೆ. ಮೂರರಲ್ಲೊಂದು ಭಾಗ ಮೇಲಿನಿಂದ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಕೊಯ್ಯಬೇಕು. ಇನ್ನು ಇನ್ನೊಂದು ಮರದ ಕವಲಿಗೆ ಸಿಕ್ಕಿ ಅರ್ಧದಲ್ಲೇ ನಿಂತ ಮರ. ಅದರ ಕೆಳಗೆ ಹೋಗಿ ಕೊಯ್ಯುವುದಾಗಲಿ, ಅದನ್ನು ಹೊತ್ತ ಮರವನ್ನು ಕಡಿಯುವುದಾಗಲಿ ಪ್ರಾಣದ ಜೊತೆ ಆಡುವ ಆಟ. ದೂರದಿಂದ ಹಗ್ಗ ಹಾಕಿ ಬುಡವನ್ನು ಎಳೆಯಬೇಕು. ಹಗ್ಗ ಇಲ್ಲದಿದ್ದರೆ ತರುವವರೆಗೆ ಅದರ ಹತ್ತಿರ ಯಾರನ್ನೂ ಬಿಡಬಾರದು.

ಚೈನ್‌ಸಾ ಹುಟ್ಟಿದ್ದು ಹಗುರಾಗಿ ಅಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಮಾಡಿದ ಮೊದಲ ವಿದ್ಯುತ್ ಗರಗಸ 64 ಕಿಲೋ ತೂಗುತ್ತಿತ್ತು, ಇಬ್ಬರು ಹಿಡಿಯಬೇಕಿತ್ತು. ಮೂರು ವರ್ಷದ ಬಳಿಕ ಪೆಟ್ರೋಲಿನದು ಬಂತು. ಆದರೆ ಇಂದಿನ ಸರಪಳಿಯ ಹಲ್ಲಿನ ಕತೆ ಅಮೆರಿಕದ ಆರೆಗಾನ್ ರಾಜ್ಯದ್ದು. ಮೊದಲ ಸರಪಳಿಗಳ ಹಲ್ಲು ಮರವನ್ನು ಗೀರುತ್ತಿದ್ದವು, ಬೇಗ ಮೊಂಡಾಗುತ್ತಿದ್ದವು. ಜೋಸೆಫ್ ಕಾಕ್ಸ್ ಎಂಬ ಮರದ ಕೆಲಸಗಾರ 1946ರಲ್ಲಿ, ಮರ ಕೊರೆಯುವ ಜೀರುಂಡೆಯ ಮರಿಹುಳು ದಿಮ್ಮಿಯೊಳಗೆ ಸಾಗುವುದನ್ನು ಗಮನಿಸಿದ. ಆ ಹುಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆಯಾಡಿಸುತ್ತ, ಎಳೆಯ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಹೋಗುತ್ತಿತ್ತು. ಅದೇ ಬಗೆಯಲ್ಲಿ ಕಾಕ್ಸ್ ಎಡಹಲ್ಲು ಬಲಹಲ್ಲು ಒಂದು ಬಿಟ್ಟೊಂದು ಬರುವ ಸರಪಳಿ ಮಾಡಿದ, ಮರುವರ್ಷ ಕಂಪನಿ ಕಟ್ಟಿದ. ಇಂದು ಸಾಗರದಲ್ಲೋ ಸೋಮವಾರಪೇಟೆಯಲ್ಲೋ ಕೊಳ್ಳುವ ಸರಪಳಿಯ ಹಲ್ಲೂ ಆ ಹುಳುವಿನ ದವಡೆಯ ವಂಶದ್ದೇ.

ಆ ಹಲ್ಲನ್ನು ಅರೆಯುವುದೇ ಮಿಷನ್ ಇಟ್ಟುಕೊಂಡವನ ನಿಜವಾದ ವಿದ್ಯೆ. ಹಲ್ಲು ಚೂಪಾಗಿದ್ದರೆ ಮಿಷನ್ ತನ್ನ ಭಾರಕ್ಕೇ ಮರದೊಳಗೆ ಇಳಿಯುತ್ತದೆ, ಹೊರಗೆ ಚಕ್ಕೆ ಚಕ್ಕೆಯಾಗಿ ಹಾರುತ್ತದೆ. ಮೊಂಡಾದಾಗ ಚಕ್ಕೆಯ ಬದಲು ಹಿಟ್ಟು ಬೀಳುತ್ತದೆ, ಕೆಲಸಗಾರ ಮೇಲಿನಿಂದ ಅದುಮತೊಡಗುತ್ತಾನೆ. ಅದುಮಲು ಶುರುಮಾಡಿದ ಎಂದರೆ ನಿಲ್ಲಿಸಿ ಅರೆಯುವ ಹೊತ್ತಾಯಿತು ಎಂದೇ ಅರ್ಥ. ಸರಪಳಿಯ ಅಳತೆಗೆ ತಕ್ಕ ದುಂಡು ಅರ ಬೇಕು. ದೊಡ್ಡ ಮಿಷನ್‌ಗಳ ಮೂರೆಂಟಾಂಶ ಅಂಗುಲದ ಸರಪಳಿಗೆ 5.2 ಮಿಲಿಮೀಟರಿನದು, ಅದಕ್ಕಿಂತ ಸಣ್ಣದಕ್ಕೆ 4.8 ಅಥವಾ 4 ಮಿಲಿಮೀಟರಿನದು. ಸಾಮಾನ್ಯವಾಗಿ 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿನಲ್ಲಿ ತಳ್ಳಬೇಕು. ಎಡದ ಹಲ್ಲಿಗೆ ಎಷ್ಟು ತಳ್ಳಾಟವೋ ಬಲದ್ದಕ್ಕೂ ಅಷ್ಟೇ, ಇಲ್ಲದಿದ್ದರೆ ಕೊಯ್ತ ಒಂದು ಬದಿಗೆ ಸೊಟ್ಟಗೆ ಓಡುತ್ತದೆ. ಹಲ್ಲಿನ ಮುಂದಿರುವ ಸಣ್ಣ ದಿಬ್ಬವನ್ನೂ ಆಗೀಗ ಚಪ್ಪಟೆ ಅರದಿಂದ ತಗ್ಗಿಸಬೇಕು. ಹಲ್ಲಿಗಿಂತ ಅದು ಸುಮಾರು 0.65 ಮಿಲಿಮೀಟರ್ ಕೆಳಗಿದ್ದರೆ ಸರಿ. ಹೆಚ್ಚು ತಗ್ಗಿಸಿದರೆ ಸರಪಳಿ ಮರವನ್ನು ಕಚ್ಚಿ ಎಗರುತ್ತದೆ. ಇಷ್ಟೆಲ್ಲ ಅಚ್ಚುಕಟ್ಟಾಗಿ ಮಾಡಿದ ಸರಪಳಿಯನ್ನು ಹಾಳುಮಾಡಲು ಒಂದೇ ಸಲ ಮಣ್ಣು ತಾಗಿದರೆ ಸಾಕು.

ಎಗರುವ ಮಾತು ಬಂದಾಗ ಬ್ಲೇಡಿನ ಮೂತಿಯ ಮೇಲ್ಭಾಗವನ್ನು ಹೇಳಲೇಬೇಕು. ಓಡುವ ಸರಪಳಿಯ ಆ ಭಾಗ ಏನಕ್ಕಾದರೂ ತಾಗಿದರೆ ಮಿಷನ್ ಕಣ್ಣು ಮಿಟುಕಿಸುವುದರೊಳಗೆ ಮೇಲಕ್ಕೆ, ಹಿಡಿದವನ ಮುಖದ ಕಡೆಗೆ ಸಿಡಿಯುತ್ತದೆ. ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿರುತ್ತದೆ. ಮುಂಗೈಯ ಮುಂದಿರುವ ಗಾರ್ಡ್ ಇದಕ್ಕಾಗಿಯೇ ಇರುವ ಬ್ರೇಕು. ಅದು ಮುರಿದ ಮಿಷನ್ನನ್ನು ‘ನಡೆಯುತ್ತೆ’ ಎಂದು ನಡೆಸುವವರನ್ನು ಯಾರೂ ಕೆಲಸಕ್ಕೆ ಕರೆಯಬಾರದು. ಪಂಚೆ ಮೇಲೆ ಕಟ್ಟಿ, ಹವಾಯಿ ಚಪ್ಪಲಿ ಮೆಟ್ಟಿ, ತಲೆಗೆ ಟವಲು ಸುತ್ತಿ ಕೆಲಸ ಮಾಡುವುದು ನಮ್ಮಲ್ಲಿ ಎಲ್ಲೆಡೆ ಕಾಣುವ ನೋಟ. ಅದನ್ನು ಧೈರ್ಯ ಎಂದು ಹೊಗಳುವುದು ತಪ್ಪು. ಹೆಲ್ಮೆಟ್ಟು, ಕಣ್ಣಿಗೆ ಜಾಲರಿ, ಕಿವಿಗೆ ಮುಚ್ಚಳ, ಗಟ್ಟಿ ಬೂಟು ಇಷ್ಟನ್ನಾದರೂ ಕೊಡಿಸುವುದು ಕೆಲಸ ಮಾಡಿಸುವವನ ಜವಾಬ್ದಾರಿ. ಸದ್ದು 100 ಡೆಸಿಬೆಲ್ ದಾಟುತ್ತದೆ. ಅದುರುವಿಕೆಯಿಂದ ಬೆರಳುಗಳು ಬಿಳಿಚಿ ಮರಗಟ್ಟುವ ಕಾಯಿಲೆಯನ್ನು 1960ರ ದಶಕದಲ್ಲೇ ಕಾಡಿನ ಕೆಲಸಗಾರರಲ್ಲಿ ಗುರುತಿಸಲಾಗಿದೆ. ಹಿಡಿಗೆ ಅದುರು ತಡೆಯುವ ರಬ್ಬರು ಬಂದದ್ದೂ ಆಗಲೇ.

ಪೆಟ್ರೋಲಿನ ವಿಷಯ ಈಚೆಗೆ ಬದಲಾಗಿದೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಒಳ್ಳೆಯ ಟು-ಸ್ಟ್ರೋಕ್ ಆಯಿಲ್ ಆದರೆ ಲೀಟರಿಗೆ 20 ಮಿಲಿ, ಸಾಧಾರಣದ್ದಾದರೆ 40 ಮಿಲಿ ಎಂಬುದು ರೂಢಿಯ ಲೆಕ್ಕ. ತಯಾರಕರ ಪುಸ್ತಕ ಏನನ್ನುತ್ತದೋ ಅದೇ ಕೊನೆಯ ಮಾತು. ಈಗ ಬಂಕುಗಳಲ್ಲಿ ಸಿಗುವುದು ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದಾಗ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಟ್ಯಾಂಕು ತುಂಬಿಸಿಟ್ಟ ಚೈನ್‌ಸಾ ಅಥವಾ ಹುಲ್ಲು ಹೊಡೆಯುವ ಮಿಷನ್ ದೀಪಾವಳಿಗೆ ಹತ್ತಿಕೊಳ್ಳದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕಾರ್ಬುರೇಟರನ್ನು. ಬೇಕಾದಷ್ಟೇ ಬೆರೆಸಿಕೊಳ್ಳಬೇಕು. ಎತ್ತಿಡುವ ಮೊದಲು ಟ್ಯಾಂಕು ಬರಿದುಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಹುಲ್ಲು ಹೊಡೆಯುವ ಮಿಷನ್ ಹತ್ತಿರ ಹದಿನೈದು ಮೀಟರಿನೊಳಗೆ ಮಕ್ಕಳಿಗಾಗಲಿ ದನಕರುಗಳಿಗಾಗಲಿ ಜಾಗವಿಲ್ಲ, ಅದು ಹಾರಿಸುವ ಕಲ್ಲು ಅಷ್ಟು ದೂರ ಹೋಗುತ್ತದೆ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಬಹುದು. ಸ್ವಂತ ಜಮೀನಿನ ಮರವಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರಂತೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ರಬ್ಬರ್ ಮುಂತಾದ ಕೆಲವಕ್ಕೆ ವಿನಾಯಿತಿ ಇದೆ. ಸಾಗುವಾನಿ, ಬೀಟೆ, ಹೊನ್ನೆಯಂಥ ನಾಟಾ ಸಾಗಿಸಲು ಪಾಸು ಬೇಕು, ದಿಮ್ಮಿಯ ಮೇಲೆ ಇಲಾಖೆಯ ಸುತ್ತಿಗೆ ಮುದ್ರೆ ಬೀಳಬೇಕು. ಅರ್ಜಿಯನ್ನು ಮಳೆಗಾಲದಲ್ಲೇ ಕೊಟ್ಟವರು ಬೇಸಗೆಯಲ್ಲಿ ಅಲೆಯುವುದು ತಪ್ಪುತ್ತದೆ.

ಮರ ಉರುಳಿ ಕೊಂಬೆ ಸವರಿದ ಮೇಲೆ ಟೇಪು ಹಿಡಿದು ವ್ಯಾಪಾರಿ ಬರುತ್ತಾನೆ. ಇಲ್ಲಿ ಮಾರುವವನಿಗೆ ಗೊತ್ತಿರಬೇಕಾದ ಲೆಕ್ಕ ಒಂದಿದೆ. ದಿಮ್ಮಿಯ ನಡುಮಧ್ಯದ ಸುತ್ತಳತೆಯನ್ನು ಅಂಗುಲದಲ್ಲಿ ಹಿಡಿದು, ಅದರ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಅಡಿ ಲೆಕ್ಕದ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. 60 ಅಂಗುಲ ಸುತ್ತಳತೆಯ, ಹತ್ತಡಿ ಉದ್ದದ ಹಲಸಿನ ದಿಮ್ಮಿಗೆ ಕಾಲು ಸುತ್ತಳತೆ 15. ಹದಿನೈದ ಹದಿನೈದಲೆ 225, ಹತ್ತರಿಂದ ಗುಣಿಸಿದರೆ 2250, ಭಾಗಿಸಿದರೆ 15.6 ಘನ ಅಡಿ. ಆದರೆ ದುಂಡು ದಿಮ್ಮಿಯೊಳಗಿರುವ ನಿಜವಾದ ಮರ 19.9 ಘನ ಅಡಿ. ಲೆಕ್ಕದಲ್ಲಿ ಮಾಯವಾದದ್ದು ಐದರಲ್ಲೊಂದು ಭಾಗಕ್ಕಿಂತ ಹೆಚ್ಚು. ಇದು ಯಾರೋ ಮಾಡಿದ ಮೋಸವೇನಲ್ಲ. ಎಡ್ವರ್ಡ್ ಹಾಪಸ್ ಎಂಬಾತ 1736ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚುಮಾಡಿದ ಕೋಷ್ಟಕಗಳಿಂದ ಹೆಸರುವಾಸಿಯಾದ ಪದ್ಧತಿ, ದಿಮ್ಮಿಯನ್ನು ಚೌಕ ಮಾಡುವಾಗ ಹೋಗುವ ಬೆನ್ನುಹಲಗೆಯನ್ನು ಮೊದಲೇ ಕಳೆದುಬಿಡುತ್ತದೆ. ಬ್ರಿಟಿಷರ ಜೊತೆ ಇಲ್ಲಿಗೆ ಬಂದು ಉಳಿದುಕೊಂಡಿತು. ಪದ್ಧತಿ ಸರಿ ತಪ್ಪೆನ್ನುವುದಕ್ಕಿಂತ, ಒಮ್ಮೆ ಈ ರಿಯಾಯಿತಿ ಕೊಟ್ಟ ಮೇಲೆ ತೊಗಟೆಗೆಂದೋ ಡೊಂಕಿಗೆಂದೋ ಮತ್ತೆ ಮತ್ತೆ ಅಂಗುಲ ಕಳೆಯಲು ಬಿಡಬಾರದು ಎಂಬುದು ಬೆಳೆಗಾರ ನೆನಪಿಡಬೇಕಾದ ವಿಷಯ. ಟೇಪು ತುದಿಯ ಕಡೆಗೆ ಜಾರಿದರೂ ನಷ್ಟ ಅವನದೇ.

ಮನೆಗೇ ಬಳಸುವ ಮರವಾದರೆ ಕೊಯ್ಯಿಸಲು ಸಾಮಿಲ್ಲಿಗೆ ಹೋಗುವುದು ಮೇಲು. ಚೈನ್‌ಸಾದಲ್ಲೇ ಹಲಗೆ ಸೀಳಿದರೆ ಪ್ರತಿ ಕೊಯ್ತಕ್ಕೂ ಏಳೆಂಟು ಮಿಲಿಮೀಟರ್ ಮರ ಹೊಟ್ಟಾಗುತ್ತದೆ. ಮಿಲ್ಲಿನ ಪಟ್ಟಿ ಗರಗಸ ನುಂಗುವುದು ಎರಡು ಮೂರು ಮಿಲಿಮೀಟರ್ ಮಾತ್ರ. ಆಮೇಲೆ ಬರುವುದು ಎಲ್ಲಕ್ಕಿಂತ ಕಷ್ಟದ ಕೆಲಸ, ಕಾಯುವುದು.

ಹಸಿ ಮರದ ತೇವ, ಒಣತೂಕದ ಶೇಕಡ 30ಕ್ಕೆ ಇಳಿಯುವವರೆಗೆ ಮರ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಅಲ್ಲಿಂದ ಕೆಳಗೆ ಇಳಿಯುತ್ತಿದ್ದಂತೆ ಕುಗ್ಗತೊಡಗುತ್ತದೆ. ಕುಗ್ಗುವುದೂ ಒಂದೇ ಸಮನಾಗಿ ಅಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುತ್ತದೋ, ಉಂಗುರಗಳ ಸುತ್ತಿನಲ್ಲಿ ಅದರ ಸುಮಾರು ಎರಡರಷ್ಟು ಕುಗ್ಗುತ್ತದೆ. ದಿಮ್ಮಿಯನ್ನು ಹಾಗೇ ಬಿಟ್ಟರೆ ತುದಿಯಲ್ಲಿ ನಕ್ಷತ್ರದ ಆಕಾರದ ಸೀಳು ಬೀಳುವುದು ಇದರಿಂದಲೇ. ಎಳೆಗಳ ತುದಿಯಿಂದ ತೇವ ಬೇಗ ಹೊರಡುವುದರಿಂದ, ಕೊಯ್ದ ದಿನವೇ ಎರಡೂ ತುದಿಗೆ ಬಣ್ಣವನ್ನೋ ಮೇಣವನ್ನೋ ಬಳಿಯಬೇಕು. ಸಗಣಿ ಬಳಿಯುವ ಹಳೆಯ ರೂಢಿಯ ಹಿಂದಿರುವುದೂ ಇದೇ ತಿಳಿವಳಿಕೆ. ಹಲಗೆಗಳನ್ನು ನೆಲದಿಂದ ಒಂದಡಿ ಮೇಲೆ, ನೆರಳಿನಲ್ಲಿ, ಗಾಳಿಯಾಡುವಲ್ಲಿ ಒಟ್ಟಬೇಕು. ಎರಡು ಹಲಗೆಗಳ ನಡುವೆ ಒಂದೇ ದಪ್ಪದ ರೀಪಿನ ತುಂಡುಗಳು, ಅವೂ ಒಂದರ ಮೇಲೊಂದು ನೇರ ಸಾಲಿನಲ್ಲಿರಬೇಕು. ಸಾಲು ತಪ್ಪಿದ ಕಡೆ ಹಲಗೆ ಬಾಗುತ್ತದೆ. ಮೇಲೆ ಕಲ್ಲು ಹೇರಬೇಕು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳು ಬಲ್ಲ ಅಂದಾಜು. ಗೃಹಪ್ರವೇಶದ ದಿನ ಗೊತ್ತುಮಾಡಿ ಆಮೇಲೆ ಮರ ಕಡಿಸಿದ ಮನೆಗಳಲ್ಲಿ ಆಷಾಢಕ್ಕೆ ಬಾಗಿಲು ಬಿಗಿದುಕೊಳ್ಳುವುದೂ ಚೈತ್ರಕ್ಕೆ ಸಂದು ಬಿಡುವುದೂ ಹೆಚ್ಚು. ಬಿದಿರಿನದು ಇನ್ನೊಂದು ಕತೆ. ಅದರ ಪಿಷ್ಟಕ್ಕೆ ಕುಟ್ಟೆ ಹುಳು ಬರುವುದರಿಂದ ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟು ಆ ಪಿಷ್ಟವನ್ನು ತೊಳೆಯುತ್ತಾರೆ.

ಕಾಯ್ದವನಿಗೆ ಮರ ಕೊಡುವುದೂ ದೊಡ್ಡದು. ಕೊಯ್ದಾಗ ಹಳದಿಯಿದ್ದ ಹಲಸು ವರ್ಷಗಳಲ್ಲಿ ಜೇನಿನ ಬಣ್ಣ ದಾಟಿ ಕಂದಾಗುತ್ತದೆ. ಚೇಗನ್ನು ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ವೀಣೆಯ ಕೊಡ ಅದರದೇ. ಬಗ್ಗಿದರೂ ಮುರಿಯದ ತಡಸಲು ಕೊಡಲಿಯ ಕಾವಿಗೆ ಹೇಳಿಮಾಡಿಸಿದ್ದು.

ಇಷ್ಟೂ ನೆಲದ ಮೇಲಿನ ಕೆಲಸ. ತೋಟದಲ್ಲಿ ಅರ್ಧ ಕೆಲಸ ಇರುವುದು ಮೇಲೆ. ಮರ ಏರಿ ಗೊನೆ ಇಳಿಸುವ ಕೊನೆಗೌಡರು ಕಡಿಮೆಯಾದಂತೆ ಅಡಿಕೆ ತೋಟಕ್ಕೆ ಹೊಸ ಉಪಕರಣಗಳು ಬಂದಿವೆ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಮಾಡಿದ, ಕುಳಿತೇ ಅಡಿಕೆ ಮರ ಏರುವ ಬೈಕು 2019ರಲ್ಲಿ ದೇಶವೆಲ್ಲ ನೋಡುವಂತಾಯಿತು. ನೆಲದ ಮೇಲೇ ನಿಂತು 60–80 ಅಡಿ ಎತ್ತರದ ಗೊನೆ ಇಳಿಸುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಎಷ್ಟೋ ಮನೆಗಳನ್ನು ಉಳಿಸಿದೆ. ಕಾಫಿ ತೋಟಗಳಲ್ಲಿ ಮೆಣಸು ಕೊಯ್ಯಲು, ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಮಾಡಲು ಭಾರದ ಬಿದಿರು ಏಣಿಯ ಜಾಗಕ್ಕೆ ಹಗುರಾದ ಅಲ್ಯೂಮಿನಿಯಂ ಏಣಿ ಬಂದಿದೆ. ಆದರೆ ಅಲ್ಯೂಮಿನಿಯಮ್ಮಿನಲ್ಲೂ ವಿದ್ಯುತ್ ಹರಿಯುತ್ತದೆ, ಕಾರ್ಬನ್ ಫೈಬರಿನಲ್ಲೂ ಹರಿಯುತ್ತದೆ. ಹೆಸರಿನಲ್ಲಿ ಫೈಬರ್ ಇದೆಯೆಂದು ದೋಟಿಯನ್ನು ನಂಬಿದವರಿದ್ದಾರೆ. ಏಣಿಯನ್ನು ಮರದಿಂದ ಮರಕ್ಕೆ ನೆಟ್ಟಗೆ ಹಿಡಿದು ಒಯ್ಯುವಾಗ ಎಲೆಗಳ ಮರೆಯಲ್ಲಿದ್ದ ತಂತಿ ತಗುಲಿ ಕಾರ್ಮಿಕರು ಸತ್ತ ಸುದ್ದಿ ಕೊಡಗು, ಚಿಕ್ಕಮಗಳೂರು, ಹಾಸನದ ಕಡೆಯಿಂದ ವರ್ಷ ವರ್ಷವೂ ಬರುತ್ತಿದೆ. ಒದ್ದೆಯಾದ ಬಿದಿರೂ ಸುರಕ್ಷಿತವಲ್ಲ. ವಿದ್ಯುತ್ ಹರಿಯದ ಗಾಜಿನಾರಿನ ಏಣಿ ಅಂಗಡಿಯಲ್ಲಿ ಸಿಗುತ್ತದೆ. ತುಸು ಭಾರ, ಬೆಲೆಯೂ ಹೆಚ್ಚು, ಆದರೆ ಕೊಳ್ಳಬೇಕಾದದ್ದು ಅದನ್ನೇ.

ಕಾಫಿ ಕೊಯ್ಲು ಮುಗಿದ ಬೆನ್ನಲ್ಲೇ ಮೆಣಸಿನ ಕೊಯ್ಲು ಶುರುವಾಗುತ್ತದೆ. ಅದಕ್ಕೆ ಮೊದಲು ತೋಟದ ಯಜಮಾನರು ಒಮ್ಮೆ ತಂತಿ ಹೋಗಿರುವ ದಾರಿಯುದ್ದಕ್ಕೂ ತಾವೇ ನಡೆದು ನೋಡಲಿ. ಅದರ ಕೆಳಗಿನ, ಪಕ್ಕದ ಮರಗಳಿಗೆಲ್ಲ ಸುಣ್ಣದ ಪಟ್ಟಿ ಬಳಿಸಿ, ಅವು ಯಾಕೆ ಬಿಳಿಯಾಗಿವೆ ಎಂದು ಹೊಸದಾಗಿ ಬಂದ ಆಳುಗಳಿಗೆ ಅವರ ಭಾಷೆಯಲ್ಲೇ ತಿಳಿಸಲಿ. ಆ ಮರಗಳಿಗೆ ಏಣಿ ಇಡುವ ದಿನ ಲೈನ್‌ಮನ್‌ಗೆ ಹೇಳಿ, ಅವರು ಸಿಗದಿದ್ದರೆ 1912ಕ್ಕೆ ಫೋನು ಮಾಡಿ, ಲೈನು ತೆಗೆಸಿ, ತೆಗೆದದ್ದು ಖಾತ್ರಿಯಾದ ಮೇಲಷ್ಟೇ ಮರ ಹತ್ತಿಸಲಿ.